ಒಳಕಿವಿಯ ಬೆನ್ನುಹತ್ತಿದ ಬೆಕೆಶಿ



ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ನಮಗೆ ಕಿವಿಯ ಕೆಲಸ ತುಸು ಹೆಚ್ಚು. ಮನೆಯಲ್ಲಿ ಕನ್ನಡ, ಶಾಲೆ-ಕಚೇರಿಗಳಲ್ಲಿ ಮರಾಠಿ, ಸಂತೆಯಲ್ಲಿ ದಖನಿ ಉರ್ದು. ಇವನ್ನೆಲ್ಲ ಯಾರೂ ನಮಗೆ ಪುಸ್ತಕ ಹಿಡಿದು ಕಲಿಸಲಿಲ್ಲ. ಸಣ್ಣವರಿದ್ದಾಗ ಕಿವಿಗೆ ಬಿದ್ದದ್ದು ತಾನಾಗಿ ನಾಲಗೆಗೆ ಬಂತು. ಕಿವಿಗೆ ಬೀಳದಿದ್ದರೆ ಬರುತ್ತಿರಲಿಲ್ಲ. ಹುಟ್ಟಿನಿಂದ ಕೇಳಿಸದ ಮಗುವಿನ ನಾಲಗೆಯಲ್ಲಿ ದೋಷವಿರುವುದಿಲ್ಲ. ಮಾತು ಒಳಗೆ ಹೋಗುವ ದಾರಿಯೇ ಅದಕ್ಕೆ ಮುಚ್ಚಿರುತ್ತದೆ.

ಆ ದಾರಿ ಎಂಥದು? ಶಬ್ದ ಎಲ್ಲಿಯವರೆಗೆ ಶಬ್ದವಾಗಿರುತ್ತದೆ, ಎಲ್ಲಿ ನರದ ಸುದ್ದಿಯಾಗುತ್ತದೆ? ಈ ಪ್ರಶ್ನೆಯ ಬೆನ್ನುಹತ್ತಿ ಆಯುಷ್ಯ ಕಳೆದವನು ಗಿಯೋರ್ಗ್ ಫಾನ್ ಬೆಕೆಶಿ ಎಂಬ ಹಂಗೇರಿ ದೇಶದ ಭೌತವಿಜ್ಞಾನಿ. ಅವನ ಕಥೆಯನ್ನೂ, ಅವನು ಅರ್ಧಕ್ಕೆ ಬಿಟ್ಟದ್ದನ್ನು ಮುಂದುವರಿಸಿದವರ ಕಥೆಯನ್ನೂ ಇಲ್ಲಿ ನೋಡೋಣ.

ಮೊದಲು ಕಿವಿಯ ರಚನೆಯ ಬಗ್ಗೆ ಎರಡು ಮಾತು. ಹೊರಗಿವಿಯಿಂದ ಹೋದ ಶಬ್ದ ಕಿವಿತಮಟೆಯನ್ನು ಅಲುಗಿಸುತ್ತದೆ. ತಮಟೆಯ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಎಲುಬುಗಳಿವೆ. ಅವು ಆ ಅಲುಗಾಟವನ್ನು ಒಳಕಿವಿಗೆ ಮುಟ್ಟಿಸುತ್ತವೆ. ಅಲ್ಲಿರುವುದು ಕಾಕ್ಲಿಯಾ. ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡ, ದ್ರವ ತುಂಬಿದ ನಳಿಗೆ ಅದು. ಬಿಚ್ಚಿ ಉದ್ದಮಾಡಿದರೆ ಸುಮಾರು 35 ಮಿಲಿಮೀಟರ್, ಅಂದರೆ ಎರಡು ಬೆರಳಿನ ಅಗಲದಷ್ಟು. ತಲೆಬುರುಡೆಯ ಅತ್ಯಂತ ಗಟ್ಟಿಯಾದ ಎಲುಬಿನೊಳಗೆ ಅದು ಹುದುಗಿ ಕುಳಿತಿದೆ. ಹೀಗಾಗಿ ಅದನ್ನು ನೋಡುವುದೇ ದೊಡ್ಡ ಕಷ್ಟವಾಗಿತ್ತು.

ಸೂಕ್ಷ್ಮದರ್ಶಕದಲ್ಲಿ ಅದನ್ನು ಮೊದಲು ಚೆನ್ನಾಗಿ ಕಂಡವನು ಇಟಲಿಯ ಅಲ್ಫೋನ್ಸೋ ಕೋರ್ಟಿ. 1851ರಲ್ಲಿ, ತನ್ನ 29ನೆಯ ವಯಸ್ಸಿನಲ್ಲಿ, ಒಳಕಿವಿಯ ಪೊರೆಯ ಮೇಲೆ ಸಾಲಾಗಿ ನಿಂತ ಜೀವಕೋಶಗಳ ಚಿತ್ರ ಬರೆದು ಪ್ರಕಟಿಸಿದ. ಆ ಭಾಗಕ್ಕೆ ಇಂದಿಗೂ ಅವನ ಹೆಸರೇ ಇದೆ. ಆದರೆ ಅದೇ ವರ್ಷ ಅವನು ವಿಜ್ಞಾನವನ್ನು ಬಿಟ್ಟು ತನ್ನ ಜಮೀನು ನೋಡಿಕೊಳ್ಳಲು ಹೋದ. ಕೋಶಗಳು ಕಂಡವು, ಅವು ಏನು ಮಾಡುತ್ತವೆ ಎಂಬುದು ತಿಳಿಯಲಿಲ್ಲ.

ಹನ್ನೆರಡು ವರ್ಷಗಳ ಮೇಲೆ, 1863ರಲ್ಲಿ, ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಒಂದು ಉತ್ತರ ಕೊಟ್ಟ. ಸಿತಾರದಲ್ಲಿ ನುಡಿಸುವ ತಂತಿಯ ಕೆಳಗೆ ತರಬ್ ತಂತಿಗಳಿರುತ್ತವಲ್ಲ? ಮೇಲಿನ ತಂತಿ ಯಾವ ಸ್ವರ ನುಡಿಯಿತೋ ಆ ಸ್ವರದ ತರಬ್ ತಂತಿ ಯಾರೂ ಮುಟ್ಟದೆಯೇ ಝೇಂಕರಿಸುತ್ತದೆ. ಒಳಕಿವಿಯಲ್ಲಿಯೂ ಒಂದೊಂದು ಸ್ವರಕ್ಕೆ ಒಂದೊಂದು ಎಳೆ ಬಿಗಿದಿದೆ ಎಂದನು ಹೆಲ್ಮ್‌ಹೋಲ್ಟ್ಸ್. ವಿಚಾರ ಚೆಂದವಿತ್ತು. ಕಣ್ಣಾರೆ ಕಂಡವರು ಮಾತ್ರ ಯಾರೂ ಇರಲಿಲ್ಲ.

ಇಲ್ಲಿಗೆ ಬರುತ್ತಾನೆ ಬೆಕೆಶಿ. ಅವನು ಹುಟ್ಟಿದ್ದು 1899ರ ಜೂನ್ 3ರಂದು ಬುಡಾಪೆಸ್ಟಿನಲ್ಲಿ. ತಂದೆ ರಾಯಭಾರ ಕಚೇರಿಯ ನೌಕರಿಯಲ್ಲಿದ್ದುದರಿಂದ ಹುಡುಗನ ಬಾಲ್ಯ ಮ್ಯೂನಿಕ್, ಇಸ್ತಾಂಬುಲ್, ಜೂರಿಕ್ ಎಂದು ಊರೂರು ಸುತ್ತುವುದರಲ್ಲಿ ಕಳೆಯಿತು. ನಮ್ಮ ಹಾಗೆ ಅವನ ಕಿವಿಗೂ ಹಲವು ಭಾಷೆ ಬಿದ್ದವು. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ರಸಾಯನಶಾಸ್ತ್ರ ಓದಿ, 1923ರಲ್ಲಿ ಬುಡಾಪೆಸ್ಟಿನಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದ. ಮೊದಲ ಮಹಾಯುದ್ಧದಲ್ಲಿ ಸೋತ ದೇಶದಲ್ಲಿ ಆಗ ಸಂಶೋಧನೆಗೆ ಹಣ ಎಲ್ಲಿಯದು? ಒಳ್ಳೆಯ ಉಪಕರಣಗಳು ಇದ್ದದ್ದು ಅಂಚೆ ಇಲಾಖೆಯ ಟೆಲಿಫೋನ್ ಪ್ರಯೋಗಾಲಯದಲ್ಲಿ. ಬೆಕೆಶಿ ಅಲ್ಲಿಯೇ ನೌಕರಿ ಹಿಡಿದ.

ಇಲಾಖೆಯ ಮುಂದಿದ್ದ ಪ್ರಶ್ನೆ ಸರಳವಾದದ್ದು. ಟೆಲಿಫೋನಿನಲ್ಲಿ ಮಾತು ಸ್ಪಷ್ಟವಾಗಿ ಕೇಳಿಸಬೇಕಾದರೆ ದುಡ್ಡನ್ನು ಎಲ್ಲಿ ಹಾಕಬೇಕು, ತಂತಿಗೋ ಯಂತ್ರಕ್ಕೋ? ಬೆಕೆಶಿ ಆ ಪ್ರಶ್ನೆಯನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದ. ತಂತಿಯ ಕೊನೆಗೆ ಇರುವುದು ಮನುಷ್ಯನ ಕಿವಿ. ಆ ಕಿವಿಗೆ ಎಷ್ಟು ಸಾಮರ್ಥ್ಯವಿದೆ ಎಂದು ತಿಳಿಯದೆ ತಂತಿಯನ್ನು ಸುಧಾರಿಸಿ ಏನು ಪ್ರಯೋಜನ? ಹೀಗೆ ಟೆಲಿಫೋನಿನ ಮನುಷ್ಯ ಕಿವಿಯ ಮನುಷ್ಯನಾದ.

ಆಸ್ಪತ್ರೆಗಳಿಂದ ಸತ್ತವರ ಕಿವಿಯ ಎಲುಬನ್ನು ತಂದು, ನೀರಿನಲ್ಲಿಟ್ಟು, ಸಣ್ಣ ಬೈರಿಗೆಯಿಂದ ಕೊರೆದು ಕಾಕ್ಲಿಯಾದಲ್ಲಿ ಕಿಂಡಿ ಮಾಡುತ್ತಿದ್ದ. ಇಲಾಖೆಯ ಕಾರ್ಖಾನೆಯ ಯಂತ್ರಗಳ ಮೇಲೆ ಎಲುಬಿನ ಪುಡಿ ಕಂಡು ಕೆಲಸಗಾರರು ಬೇಸರಪಟ್ಟರಂತೆ. ಒಳಗಿನ ಪೊರೆ ಗಾಜಿನಂತೆ ಪಾರದರ್ಶಕ, ಕಣ್ಣಿಗೆ ಕಾಣದು. ಅದರ ಮೇಲೆ ಬೆಳ್ಳಿಯ ಸಣ್ಣ ಕಣಗಳನ್ನು ಉದುರಿಸಿ, ಮಿಣುಕು ದೀಪದ ಬೆಳಕಿನಲ್ಲಿ ಸೂಕ್ಷ್ಮದರ್ಶಕದಿಂದ ನೋಡುತ್ತ ಕುಳಿತ.

1928ರಲ್ಲಿ ಅವನು ತನ್ನ ಮೊದಲ ಮುಖ್ಯ ಫಲಿತಾಂಶ ಪ್ರಕಟಿಸಿದ. ಆಗ ನಮ್ಮ ಉದಗೀರ, ನಿಲಂಗಾಗಳು ನಿಜಾಮರ ರಾಜ್ಯದ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಬೆಕೆಶಿ ಕಂಡದ್ದು ತರಬ್ ತಂತಿಯನ್ನಲ್ಲ, ಒಂದು ಅಲೆಯನ್ನು. ಒಗೆದ ಸೀರೆಯ ಒಂದು ತುದಿ ಹಿಡಿದು ಝಾಡಿಸಿದರೆ ಅಲೆ ಹೇಗೆ ಓಡುತ್ತದೋ ಹಾಗೆ ಶಬ್ದದ ಅಲೆ ಪೊರೆಯ ಮೇಲೆ ಓಡುತ್ತದೆ. ಓಡುತ್ತ ಓಡುತ್ತ ಒಂದು ಕಡೆ ಉಬ್ಬಿ, ಅಲ್ಲಿಂದ ಮುಂದೆ ಅಡಗುತ್ತದೆ. ಕೊಳಲಿನಂಥ ಹೆಚ್ಚು ಸ್ಥಾಯಿಯ ಸ್ವರವಾದರೆ ನಳಿಗೆಯ ಬುಡದಲ್ಲಿಯೇ ಉಬ್ಬುತ್ತದೆ. ಡೊಳ್ಳಿನಂಥ ತಗ್ಗು ಸ್ವರವಾದರೆ ತುದಿಯವರೆಗೆ ಹೋಗುತ್ತದೆ. ಬುಡದಲ್ಲಿ ಪೊರೆ ಕಿರಿದಾಗಿ ಬಿರುಸಾಗಿದೆ, ತುದಿಯಲ್ಲಿ ಅಗಲವಾಗಿ ಸಡಿಲಾಗಿದೆ. ಇದೇ ಅದರ ಗುಟ್ಟು. ದೊಡ್ಡ ಪ್ರಾಣಿಯಲ್ಲಿಯೂ ಹೀಗೆಯೇ ಇದೆಯೋ ಎಂದು ನೋಡಲು, ಬುಡಾಪೆಸ್ಟಿನ ಮೃಗಾಲಯದಲ್ಲಿ ಸತ್ತ ಆನೆಯ ಕಿವಿಯನ್ನೂ ಬೆನ್ನುಹತ್ತಿ ತರಿಸಿಕೊಂಡ. ಅಲ್ಲಿಯೂ ಅದೇ ಅಲೆ.

ಎರಡನೆಯ ಮಹಾಯುದ್ಧ ಬುಡಾಪೆಸ್ಟನ್ನು ಹಾಳುಗೆಡವಿತು. 1946ರಲ್ಲಿ ಬೆಕೆಶಿ ಸ್ವೀಡನ್ನಿಗೆ ಹೋದ. ಅಲ್ಲಿ, ರೋಗಿ ತಾನೇ ಗುಂಡಿ ಒತ್ತುತ್ತ ತನ್ನ ಕೇಳ್ಮೆಯನ್ನು ಅಳೆದುಕೊಳ್ಳುವ ಯಂತ್ರವನ್ನು ರೂಪಿಸಿದ. 1947ರಿಂದ ಸುಮಾರು ಎರಡು ದಶಕ ಅಮೆರಿಕದ ಹಾರ್ವರ್ಡ್‌ನಲ್ಲಿದ್ದ. 1961ರಲ್ಲಿ ವೈದ್ಯಕೀಯದ ನೊಬೆಲ್ ಬಹುಮಾನ ಅವನೊಬ್ಬನಿಗೇ ಬಂತು. 1966ರಲ್ಲಿ ಹವಾಯಿಗೆ ಹೋಗಿ, 1972ರ ಜೂನ್ 13ರಂದು ಅಲ್ಲಿಯೇ ತೀರಿಕೊಂಡ. ಮದುವೆಯಾಗಲಿಲ್ಲ. ಅವನು ಕೂಡಿಸಿದ್ದ ಕಲಾಕೃತಿಗಳು ನೊಬೆಲ್ ಪ್ರತಿಷ್ಠಾನಕ್ಕೆ ಸೇರಿದವು.

ಇಲ್ಲಿಗೆ ಕಥೆ ಮುಗಿಯಿತೆಂದು ತಿಳಿಯಬೇಡಿ. ಬೆಕೆಶಿಯ ಅಲೆಯಲ್ಲಿ ಒಂದು ಕೊರತೆ ಇತ್ತು. ಅವನು ಕಂಡ ಉಬ್ಬು ಬಹಳ ಅಗಲವಾಗಿತ್ತು. ಸಂಗೀತಗಾರನ ಕಿವಿ ಸ್ವರದಲ್ಲಿನ ಕೂದಲೆಳೆಯ ವ್ಯತ್ಯಾಸವನ್ನೂ ಹಿಡಿಯುತ್ತದೆ. ಅಷ್ಟು ಅಗಲದ ಉಬ್ಬಿನಿಂದ ಅದು ಆಗದು. ಕಾರಣವೇನು? ಅವನು ನೋಡಿದ್ದು ಸತ್ತ ಕಿವಿಯನ್ನು. ಅದೂ ಕಣ್ಣಿಗೆ ಕಾಣುವಷ್ಟು ಅಲುಗಲೆಂದು ವಿಪರೀತ ದೊಡ್ಡ ಶಬ್ದ ಹಾಕಿ. ಜೀವಂತ ಕಿವಿ ತಾನೂ ಏನೋ ಶಕ್ತಿ ಕೂಡಿಸುತ್ತಿರಬೇಕು ಎಂದು 1948ರಲ್ಲಿಯೇ ಥಾಮಸ್ ಗೋಲ್ಡ್ ಎಂಬ ತರುಣ ಕೇಂಬ್ರಿಜ್‌ನಿಂದ ಹೇಳಿದ. ಮೂವತ್ತು ವರ್ಷ ಅವನ ಮಾತಿಗೆ ಯಾರೂ ಕಿವಿಗೊಡಲಿಲ್ಲ.

1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಒಂದು ಸೋಜಿಗವನ್ನು ಕಂಡುಹಿಡಿದ. ಕಿವಿಯೊಳಗೆ ಟಕ್ ಎಂಬ ಸಣ್ಣ ಸದ್ದು ಕಳಿಸಿದರೆ, ಕ್ಷಣದಲ್ಲಿ ಕಿವಿಯೇ ತಿರುಗಿ ಒಂದು ಸದ್ದು ಕಳಿಸುತ್ತದೆ! ಅದು ಬರೀ ಪ್ರತಿಧ್ವನಿಯಲ್ಲ. ಒಳಗಿರುವ ಜೀವಕೋಶಗಳು ದುಡಿಯುತ್ತಿವೆ ಎಂಬುದಕ್ಕೆ ಸಾಕ್ಷಿ. 1985ರಲ್ಲಿ ವಿಲಿಯಂ ಬ್ರೌನೆಲ್ ಮತ್ತು ಸಂಗಡಿಗರು, ಆ ಕೋಶಗಳು ವಿದ್ಯುತ್ತಿಗೆ ತಕ್ಕಂತೆ ಉದ್ದ-ಗಿಡ್ಡವಾಗಿ ಕುಣಿಯುವುದನ್ನು ತೋರಿಸಿದರು. ಕ್ಷೀಣ ಶಬ್ದವನ್ನು ನೂಕಿ ದೊಡ್ಡದು ಮಾಡುವವು ಇವೇ.

ಇವೇ ರೋಮಕೋಶಗಳು, ಅಂದು ಕೋರ್ಟಿ ಕಂಡ ಸಾಲು. ಕೋಶದ ತಲೆಯ ಮೇಲೆ ಜೋಳದ ಗರಿ ಕಟ್ಟಿ ನಿಲ್ಲಿಸಿದಂತೆ ಸೂಕ್ಷ್ಮ ರೋಮಗಳ ಗೊಂಚಲು ಇರುವುದರಿಂದ ಆ ಹೆಸರು. ಈ ಕೋಶವನ್ನು ಅರಿಯಲು ಅಮೆರಿಕದ ಜೇಮ್ಸ್ ಹಡ್ಸ್‌ಪೆತ್ ತನ್ನ ಇಡೀ ವೃತ್ತಿಜೀವನವನ್ನು ಮುಡಿಪಿಟ್ಟ. 1977ರಲ್ಲಿ ಡೇವಿಡ್ ಕೋರಿಯೊಡನೆ ಸೇರಿ ಕಪ್ಪೆಯ ಒಳಕಿವಿಯ ಕೋಶದ ರೋಮಗಳನ್ನು ಸೂಕ್ಷ್ಮವಾಗಿ ಬಾಗಿಸಿ, ಒಂದು ಕಡೆ ಬಾಗಿದರೆ ವಿದ್ಯುತ್ ಏರುತ್ತದೆ, ಇನ್ನೊಂದು ಕಡೆ ಬಾಗಿದರೆ ಇಳಿಯುತ್ತದೆ ಎಂದು ಅಳೆದು ತೋರಿಸಿದ. ಒಂದು ಸೆಕೆಂಡನ್ನು ಲಕ್ಷ ಪಾಲು ಮಾಡಿದರೆ ಅಂಥ ನಾಲ್ಕಾರು ಪಾಲುಗಳಲ್ಲಿಯೇ ಈ ಕೆಲಸ ನಡೆಯುತ್ತದೆ. 1984ರಲ್ಲಿ ಬ್ರಿಟನ್ನಿನ ಜೇಮ್ಸ್ ಪಿಕಲ್ಸ್ ಮತ್ತು ಸಂಗಡಿಗರು, ಒಂದು ರೋಮದ ತುದಿಯಿಂದ ಪಕ್ಕದ ಎತ್ತರದ ರೋಮಕ್ಕೆ ಕಟ್ಟಿದ ಎಳೆಯನ್ನು ಕಂಡರು. ರೋಮ ಬಾಗಿದಾಗ ಎಳೆ ಜಗ್ಗುತ್ತದೆ, ಬಾಗಿಲು ತೆರೆಯುತ್ತದೆ. ಶಬ್ದ ನರದ ಸುದ್ದಿಯಾಗುವ ಹೊಸ್ತಿಲು ಇದೇ. ಹಡ್ಸ್‌ಪೆತ್ ಇನ್ನಿಬ್ಬರೊಡನೆ 2018ರಲ್ಲಿ ಕಾವ್ಲಿ ಬಹುಮಾನ ಪಡೆದು, 2025ರಲ್ಲಿ ನಿಧನ ಹೊಂದಿದ.

ಈಗ ಲೆಕ್ಕ ನೋಡಿ. ನಮ್ಮ ಒಂದು ಕಿವಿಯಲ್ಲಿ ಇಂಥ ಕೋಶಗಳು ಸುಮಾರು 15,000 ಮಾತ್ರ. ಒಳಸಾಲಿನಲ್ಲಿ ಸುಮಾರು 3,500, ಹೊರಗಿನ ಮೂರು ಸಾಲುಗಳಲ್ಲಿ ಸುಮಾರು 12,000. ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳು ಹತ್ತು ಕೋಟಿಗೂ ಮಿಕ್ಕಿವೆ. ಕಿವಿಯ ಬಂಡವಾಳ ಬಹಳ ಸಣ್ಣದು. ತಾಯಿಯ ಗರ್ಭದಲ್ಲಿ ಸಿಕ್ಕದ್ದೇ ಸಿಕ್ಕದ್ದು, ಮುಂದೆ ಹೊಸದು ಹುಟ್ಟುವುದಿಲ್ಲ. 1988ರಲ್ಲಿ ಎರಡು ತಂಡಗಳು, ಹಕ್ಕಿಗಳಲ್ಲಿ ಸತ್ತ ರೋಮಕೋಶಗಳ ಜಾಗದಲ್ಲಿ ಹೊಸವು ಹುಟ್ಟುತ್ತವೆ ಎಂದು ತೋರಿಸಿದವು. ನಮ್ಮ ಅಂಗಳದ ಕೋಳಿಗೆ ಇರುವ ಈ ಭಾಗ್ಯ ನಮಗಿಲ್ಲ. ಅದನ್ನು ಮನುಷ್ಯನಿಗೂ ತರಲು ಅಂದಿನಿಂದ ಸಂಶೋಧನೆ ನಡೆದೇ ಇದೆ.

ಹಾಗಾದರೆ ಈ ಕೋಶಗಳು ಸಾಯುವುದು ಯಾವುದರಿಂದ? ಮುಪ್ಪು ಒಂದು ಕಾರಣ. ಇನ್ನೊಂದು ಗದ್ದಲ. ಎಂಬತ್ತೈದು ಡೆಸಿಬೆಲ್ ಮೇಲಿನ ಸದ್ದಿನಲ್ಲಿ ದಿನಕ್ಕೆ ಎಂಟು ತಾಸು, ವರ್ಷಗಟ್ಟಲೆ ದುಡಿದರೆ ಅಪಾಯ ತಪ್ಪಿದ್ದಲ್ಲ. ಹಿಟ್ಟಿನ ಗಿರಣಿ, ಸಕ್ಕರೆ ಕಾರ್ಖಾನೆಗಳಲ್ಲಿ ದುಡಿಯುವವರು ಇದನ್ನು ಗಮನಿಸಬೇಕು. ಮೆರವಣಿಗೆಯಲ್ಲಿ ಡಿಜೆಯ ಪೆಟ್ಟಿಗೆಗಳ ಮುಂದೆ ಕುಣಿಯುವ ಹುಡುಗರಿಗೆ ಎಂಟು ತಾಸೂ ಬೇಡ, ಕೆಲವೇ ನಿಮಿಷ ಸಾಕು. ಮೂರನೆಯದು ಔಷಧಿ. ಕ್ಷಯಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಪ್ರಾಣ ಉಳಿಸಿತು; ಕೆಲವರಲ್ಲಿ ಒಳಕಿವಿಯ ಕೋಶಗಳನ್ನೂ ಕೊಂದಿತು. ಅದೇ ಜಾತಿಯ ಜೆಂಟಾಮೈಸಿನ್, ಅಮಿಕಾಸಿನ್‌ಗಳು ಇಂದೂ ಬಳಕೆಯಲ್ಲಿವೆ. ವೈದ್ಯರು ಹೇಳದೆ ಅವನ್ನು ಚುಚ್ಚಿಸಿಕೊಳ್ಳಬಾರದು. ನಾಲ್ಕನೆಯದು ಹುಟ್ಟಿನಿಂದ ಬರುವ ದೋಷ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವ ರೂಢಿ ನಮ್ಮಲ್ಲಿ ಗಡಿಯ ಎರಡೂ ಕಡೆಗಿದೆ. ಮನೆತನದಲ್ಲಿ ಅಡಗಿ ಬಂದ ದೋಷ ಇಬ್ಬರಲ್ಲಿಯೂ ಇದ್ದರೆ ಅದು ಮಗುವಿನಲ್ಲಿ ಮೇಲೆದ್ದು ಬರುವ ಸಂಭವ ಹೆಚ್ಚು. ಕಿವಿ ಸೋರುವುದು, ಗುಗ್ಗೆ ಕಟ್ಟುವುದು ಬೇರೆ ಮಾತು. ಅವು ಹೊರಗಿನ, ನಡುವಿನ ಕಿವಿಯ ತೊಂದರೆಗಳು, ಚಿಕಿತ್ಸೆಗೆ ಬಗ್ಗುವಂಥವು.

ಈ ವಿದ್ಯೆ ನಮ್ಮ ದೇಶಕ್ಕೆ ಬಂದ ಹಾದಿಯೂ ತಿಳಿಯತಕ್ಕದ್ದು. 1965ರಲ್ಲಿ ಕೇಂದ್ರ ಸರ್ಕಾರ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ತೆರೆಯಿತು. ಮಾನಸಗಂಗೋತ್ರಿಯ ಆ ಸಂಸ್ಥೆಯಲ್ಲಿ ಕಲಿತವರು ದೇಶದ ಮೂಲೆ ಮೂಲೆಗೆ ಹೋಗಿದ್ದಾರೆ. 1983ರಲ್ಲಿ ಮುಂಬಯಿಯಲ್ಲಿ ಇನ್ನೊಂದು ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಅದಕ್ಕಿಟ್ಟ ಹೆಸರು ಅಲಿ ಯಾವರ್ ಜಂಗ್ ಅವರದು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದು, ಮುಂದೆ ಮಹಾರಾಷ್ಟ್ರದ ರಾಜ್ಯಪಾಲರಾಗಿ 1976ರಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡವರು ಅವರು. ಹೈದರಾಬಾದ್ ಸಂಸ್ಥಾನದಿಂದ ಮಹಾರಾಷ್ಟ್ರಕ್ಕೆ ಬಂದ ನಮ್ಮ ಸೀಮೆಗೆ ಆ ಹೆಸರು ಹೊರಗಿನದಲ್ಲ.

ಮೈಸೂರಿನಲ್ಲಿ ನಡೆದ ಒಂದು ಕೆಲಸವನ್ನು ಇಲ್ಲಿ ಮುಖ್ಯವಾಗಿ ಹೇಳಬೇಕು. ಕೇಳ್ಮೆಯ ಪರೀಕ್ಷೆಯಲ್ಲಿ ಬರೀ ಸೀಟಿಯಂಥ ಸದ್ದು ಕೇಳಿಸಿದರೆ ಸಾಲದು, ಮಾತು ಎಷ್ಟು ತಿಳಿಯುತ್ತದೆ ಎಂದೂ ನೋಡಬೇಕು. ಅದಕ್ಕೆ ಪದಗಳ ಪಟ್ಟಿ ಬೇಕು. ಪರಭಾಷೆಯ ಪದ ಕೇಳಿಸಿ, ತಿರುಗಿ ಹೇಳಲಾಗದವನನ್ನು ಕಿವುಡನೆಂದರೆ ಹೇಗೆ? ಹಾಗಾಗಿ ಅಲ್ಲಿ ಕನ್ನಡದ್ದೇ ಪದಪಟ್ಟಿಗಳನ್ನು ಸಿದ್ಧಪಡಿಸಿದ್ದಾರೆ. ನೀವು ಹಿರಿಯರನ್ನು ಪರೀಕ್ಷೆಗೆ ಕರೆದೊಯ್ದಾಗ, ಇವರ ಮನೆಮಾತು ಕನ್ನಡ ಎಂದು ಮೊದಲೇ ತಿಳಿಸಿರಿ. ಇದರಲ್ಲಿ ಸಂಕೋಚಪಡುವುದು ಏನೂ ಇಲ್ಲ.

ಕೆಂಪ್ ಕಂಡುಹಿಡಿದ ಕಿವಿಯ ಸದ್ದಿನಿಂದಲೇ ಈಗ ಎಳೆಗೂಸುಗಳನ್ನು ಪರೀಕ್ಷಿಸುತ್ತಾರೆ. ಮಗು ಮಲಗಿದ್ದಾಗ ಕಿವಿಯಲ್ಲಿ ಪುಟ್ಟ ನಳಿಗೆಯಿಟ್ಟು ಕೆಲವು ನಿಮಿಷಗಳಲ್ಲಿ ಮುಗಿಸುವ ಕೆಲಸ, ನೋವಿಲ್ಲ. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಉಪಾಯ ಎಂಬುದು ತಜ್ಞರು ಹಾಕಿಕೊಟ್ಟ ಗಡುವು. ಸರ್ಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುಕಿವುಡಿನ ತಪಾಸಣೆಯೂ ಸೇರಿದೆ. ಶ್ರವಣಯಂತ್ರವಿದೆ. ರೋಮಕೋಶಗಳೇ ಇಲ್ಲದಲ್ಲಿ ನರಕ್ಕೆ ನೇರವಾಗಿ ವಿದ್ಯುತ್ತಿನಿಂದ ಸುದ್ದಿ ಮುಟ್ಟಿಸುವ ಕಾಕ್ಲಿಯಾ ಕಸಿಯೂ ಇದೆ. ಕೋಶ ಜೀವಂತವಿದ್ದೂ ಸುದ್ದಿ ದಾಟಿಸಲಾರದ ಒಂದು ಬಗೆಯ ಹುಟ್ಟುಕಿವುಡಿನಲ್ಲಿ, ಚೀನಾದಲ್ಲಿ ಜೀನ್ ಚಿಕಿತ್ಸೆ ಪಡೆದ ಮಕ್ಕಳಿಗೆ ಕೇಳಿಸತೊಡಗಿತೆಂದು 2024ರಲ್ಲಿ ವರದಿಯಾಯಿತು. ಆದರೆ ಅದು ಆ ಒಂದು ದೋಷಕ್ಕೆ ಮಾತ್ರ.

ಕೋರ್ಟಿಯಿಂದ ಇಲ್ಲಿಯವರೆಗೆ ನೂರ ಎಪ್ಪತ್ತು ವರ್ಷಗಳ ದುಡಿಮೆ ನಮಗೆ ಕೊಟ್ಟ ತಿಳುವಳಿಕೆ ಇದು: ಒಳಕಿವಿಯ ಕೋಶ ಹೋದರೆ ತಿರುಗಿ ಬಾರದು, ಮಗುವಿನ ನುಡಿ ಕಲಿಯುವ ವಯಸ್ಸೂ ತಿರುಗಿ ಬಾರದು. "ಅಪ್ಪನಿಗೂ ತಡವಾಗಿ ಮಾತು ಬಂದಿತ್ತು, ಇವನಿಗೂ ಬರುತ್ತದೆ ಬಿಡಿ" ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಬರಬಹುದು. ಬಾರದಿದ್ದರೆ ಕಳೆದ ಎರಡು ವರ್ಷವನ್ನು ಯಾವ ಡಾಕ್ಟರೂ ತಂದುಕೊಡಲಾರರು. ತಟ್ಟೆ ಬಿದ್ದರೂ ಬೆಚ್ಚದ, ಕರೆದರೂ ಹೊರಳಿ ನೋಡದ ಕೂಸು ನಿಮ್ಮ ಓಣಿಯಲ್ಲಿದ್ದರೆ ಆ ತಾಯಿಗೆ ಹೇಳಿರಿ: ಅಕ್ಕಾ, ಈ ವಾರವೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಕಿವಿ ತೋರಿಸು.