ರಿಕೋರ್ಡಿ ಸಂಗೀತ ಭಂಡಾರ, ಮಿಲಾನ್

ರಂಗಮಂದಿರಗಳಿಗೆ ಸ್ವರಲಿಪಿಯ ನಕಲು ಮಾಡಿಕೊಡುತ್ತಿದ್ದ ಜೊವಾನ್ನಿ ರಿಕೋರ್ಡಿ 1808ರಲ್ಲಿ ಮಿಲಾನಿನಲ್ಲಿ ಪ್ರಕಾಶನ ಸಂಸ್ಥೆ ತೆರೆದರು. ಅಚ್ಚಾದ ಮೇಲೂ ಮೂಲ ಹಸ್ತಪ್ರತಿಗಳನ್ನು ಜೋಪಾನ ಮಾಡಿದ್ದರಿಂದಲೇ ಈ ಭಂಡಾರ ಬೆಳೆಯಿತು. ಸಂಗೀತ ಸಂಯೋಜಕ ವೆರ್ದಿಯ 28 ಒಪೆರಾಗಳಲ್ಲಿ 23ರ ಸ್ವಹಸ್ತ ಪ್ರತಿಗಳು ಇಲ್ಲಿವೆ. ಅವರು ಮೊದಲು ಗಾಯನದ ಸಾಲನ್ನೂ ಮಂದ್ರದ ಸಾಲನ್ನೂ ಬರೆದು, ಉಳಿದ ವಾದ್ಯಗಳ ಸಾಲುಗಳನ್ನು ಬಹುಪಾಲು ಖಾಲಿ ಬಿಟ್ಟು, ಆಮೇಲೆ ತುಂಬುತ್ತಿದ್ದರು; ಎರಡು ಹಂತದ ಕೆಲಸ ಶಾಯಿಯ ಬಣ್ಣದಲ್ಲೇ ಗೊತ್ತಾಗುವುದುಂಟು. ಇನ್ನೊಬ್ಬ ಸಂಯೋಜಕ ಪುಚ್ಚೀನಿಯ ಒಪೆರಾಗಳಲ್ಲಿ ‘ಲಾ ರೊಂದಿನೆ’ ಮಾತ್ರ ಇಲ್ಲಿಲ್ಲ. ಅದು ಹೋದದ್ದು ಎದುರಾಳಿ ಪ್ರಕಾಶಕ ಸೊಂಜೋನ್ಯೊ ಪಾಲಿಗೆ! ಪತ್ರಗಳು, ವೇಷಭೂಷಣ ಮತ್ತು ರಂಗಸಜ್ಜಿಕೆಯ ಚಿತ್ರಗಳೂ ಸಾವಿರಗಟ್ಟಲೆ ಇವೆ. 1943ರ ಬಾಂಬ್ ದಾಳಿಯಲ್ಲಿ ಸಂಸ್ಥೆಯ ಕಟ್ಟಡ ಹಾಳಾದರೂ, ಮೊದಲೇ ಬೇರೆಡೆ ಸಾಗಿಸಿದ್ದ ಹಸ್ತಪ್ರತಿಗಳು ಉಳಿದವು. ಸಂಗ್ರಹ ಈಗ ಬ್ರೆರಾ ಅರಮನೆಯ ಬ್ರೈದೆನ್ಸೆ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.