ಎಂ.ಎಸ್ಸಿ. ನರ್ಸಿಂಗ್ ಪದವಿ: ಪ್ರವೇಶಾರ್ಹತೆ ಮತ್ತು ವ್ಯಾಸಂಗ ಮುಂದುವರಿಕೆಯ ನಿಯಮಗಳು

ನರ್ಸಿಂಗ್ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆಯಲು ಇಚ್ಛಿಸುವ ಅರ್ಜಿದಾರರ ತಿಳಿವಳಿಕೆಗಾಗಿ ಪ್ರವೇಶಕ್ಕೆ ಬೇಕಾದ ಅರ್ಹತೆ, ಸಲ್ಲಿಸಬೇಕಾದ ದಾಖಲೆಗಳು ಹಾಗೂ ಪ್ರವೇಶ ಪಡೆದ ನಂತರ ಒಂದು ವರ್ಷದಿಂದ ಮತ್ತೊಂದು ವರ್ಷಕ್ಕೆ ಮುಂದುವರಿಯಲು ಪಾಲಿಸಬೇಕಾದ ನಿಯಮಗಳನ್ನು ಇಲ್ಲಿ ವಿವರಿಸಲಾಗಿದೆ.

ಅಂಕಗಳು ಸಾಕಷ್ಟಿದ್ದರೂ ಅರ್ಜಿಯು ತಿರಸ್ಕೃತವಾಗಬಹುದು. ಪದವಿ, ನೋಂದಣಿ, ಸೇವಾನುಭವ ಮತ್ತು ಅರ್ಜಿ, ಈ ನಾಲ್ಕರ ದಿನಾಂಕಗಳು ಒಂದರ ನಂತರ ಒಂದು ಸರಿಯಾದ ಕ್ರಮದಲ್ಲಿ ಇರಬೇಕಾಗುತ್ತದೆ. ಅರ್ಜಿದಾರರು ಮೊದಲು ತಮ್ಮ ದಾಖಲೆಗಳಲ್ಲಿನ ದಿನಾಂಕಗಳನ್ನು ಒಂದು ಕಾಗದದ ಮೇಲೆ ಸಾಲಾಗಿ ಬರೆದುಕೊಂಡು, ನಂತರ ಮುಂದಿನ ಮಾಹಿತಿಯನ್ನು ಓದುವುದು ಸೂಕ್ತ.

1. ಪದವಿಯ ಸ್ವರೂಪ

ಎಂ.ಎಸ್ಸಿ. ನರ್ಸಿಂಗ್ ಎರಡು ವರ್ಷಗಳ ಪೂರ್ಣಾವಧಿ ವ್ಯಾಸಂಗವಾಗಿದೆ. ಇದರ ಪಠ್ಯಕ್ರಮ ಮತ್ತು ಕನಿಷ್ಠ ಮಟ್ಟವನ್ನು 1947ರ ಅಧಿನಿಯಮದಡಿ ರಚಿತವಾದ ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದೆ. ಆ ಅಧಿನಿಯಮದ ಬದಲಿಗೆ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗ ಅಧಿನಿಯಮವನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿದೆ. ವಿನಿಯಮಗಳು ಪರಿಷ್ಕೃತವಾದಾಗ ಅರ್ಜಿದಾರರಿಗೆ ಅವರು ಪ್ರವೇಶ ಪಡೆಯುವ ವರ್ಷದ ವಿನಿಯಮಗಳೇ ಅನ್ವಯವಾಗುವುದರಿಂದ, ಆಯಾ ವರ್ಷದ ಅಧಿಸೂಚನೆಯನ್ನು ಪೂರ್ಣವಾಗಿ ಓದುವುದು ಅವಶ್ಯಕ.

ಕರ್ನಾಟಕದಲ್ಲಿ ನರ್ಸಿಂಗ್ ಕಾಲೇಜುಗಳು ಸಾಮಾನ್ಯವಾಗಿ ಬೆಂಗಳೂರಿನಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿವೆ. ಇವುಗಳಲ್ಲದೆ ಸ್ವಾಯತ್ತ ವಿಶ್ವವಿದ್ಯಾಲಯಗಳೂ ರಾಷ್ಟ್ರೀಯ ಮಹತ್ವದ ಸಂಸ್ಥೆಯಾದ ನಿಮ್ಹಾನ್ಸ್ ಕೂಡ ಸ್ನಾತಕೋತ್ತರ ನರ್ಸಿಂಗ್ ಶಿಕ್ಷಣ ನೀಡುತ್ತವೆ. ಇವು ತಮ್ಮದೇ ಆದ ಪ್ರತ್ಯೇಕ ಅಧಿಸೂಚನೆ ಹೊರಡಿಸುತ್ತವೆ.

ವ್ಯಾಸಂಗಕ್ಕೆ ಲಭ್ಯವಿರುವ ಮುಖ್ಯ ವಿಶೇಷ ವಿಭಾಗಗಳು:

ಅ) ವೈದ್ಯಕೀಯ ಮತ್ತು ಶಸ್ತ್ರಚಿಕಿತ್ಸಾ ನರ್ಸಿಂಗ್
ಆ) ಪ್ರಸೂತಿ ಮತ್ತು ಸ್ತ್ರೀರೋಗ ನರ್ಸಿಂಗ್
ಇ) ಮಕ್ಕಳ ಆರೋಗ್ಯ ನರ್ಸಿಂಗ್
ಈ) ಮಾನಸಿಕ ಆರೋಗ್ಯ ನರ್ಸಿಂಗ್
ಉ) ಸಮುದಾಯ ಆರೋಗ್ಯ ನರ್ಸಿಂಗ್

ಎಲ್ಲ ಕಾಲೇಜುಗಳಲ್ಲಿಯೂ ಎಲ್ಲ ವಿಭಾಗಗಳು ಇರುವುದಿಲ್ಲ. ಅನುಮತಿಯನ್ನು ವಿಭಾಗವಾರು ಮತ್ತು ಸೀಟುವಾರು ನೀಡಲಾಗುತ್ತದೆ. ಆದುದರಿಂದ ಕಾಲೇಜಿಗೆ ಮಾನ್ಯತೆ ಇದೆ ಎಂಬುದನ್ನು ಮಾತ್ರ ವಿಚಾರಿಸಿದರೆ ಸಾಲದು. ಆಯ್ಕೆ ಮಾಡಿಕೊಳ್ಳುವ ವಿಭಾಗಕ್ಕೆ, ಅದೇ ಶೈಕ್ಷಣಿಕ ವರ್ಷಕ್ಕೆ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

2. ಪ್ರವೇಶಕ್ಕೆ ಬೇಕಾದ ಕನಿಷ್ಠ ಅರ್ಹತೆ

ಭಾರತೀಯ ನರ್ಸಿಂಗ್ ಪರಿಷತ್ತಿನ ಪಠ್ಯಕ್ರಮದಲ್ಲಿ ನಿಗದಿಪಡಿಸಿರುವ ಅರ್ಹತೆಗಳು ಕೆಳಕಂಡಂತಿವೆ:

ಅ) ಅಭ್ಯರ್ಥಿಯು ಮಾನ್ಯತೆ ಪಡೆದ ಸಂಸ್ಥೆಯಿಂದ ಬಿ.ಎಸ್ಸಿ. ನರ್ಸಿಂಗ್, ಬಿ.ಎಸ್ಸಿ. (ಆನರ್ಸ್) ನರ್ಸಿಂಗ್ ಅಥವಾ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಪದವಿಯನ್ನು ಒಟ್ಟಾರೆ ಕನಿಷ್ಠ ಶೇ. 55 ಅಂಕಗಳೊಂದಿಗೆ ಪಡೆದಿರಬೇಕು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ಅಭ್ಯರ್ಥಿಗಳಿಗೆ ಶೇ. 5ರಷ್ಟು ರಿಯಾಯಿತಿ ಇದ್ದು, ಅವರಿಗೆ ಶೇ. 50 ಅಂಕಗಳು ಸಾಕಾಗುತ್ತವೆ.

ಆ) ಅಭ್ಯರ್ಥಿಯು ಯಾವುದೇ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನರ್ಸ್ ಹಾಗೂ ಸೂಲಗಿತ್ತಿಯಾಗಿ ಅಥವಾ ತತ್ಸಮಾನವಾಗಿ ನೋಂದಣಿಯಾಗಿರಬೇಕು.

ಇ) ಕನಿಷ್ಠ ಒಂದು ವರ್ಷದ ಸೇವಾನುಭವ ಇರಬೇಕು.

ಈ) ಅಭ್ಯರ್ಥಿಯು ವೈದ್ಯಕೀಯವಾಗಿ ಸದೃಢರಾಗಿರಬೇಕು.

ಒಟ್ಟಾರೆ ಅಂಕಗಳೆಂದರೆ ಪದವಿಯ ಎಲ್ಲ ವರ್ಷಗಳ ಅಂಕಗಳ ಮೊತ್ತವೇ ಹೊರತು ಕೊನೆಯ ವರ್ಷದ ಅಂಕಗಳಲ್ಲ. 2021-22ನೇ ಸಾಲಿನಿಂದ ಬಿ.ಎಸ್ಸಿ. ನರ್ಸಿಂಗ್ ಪದವಿಯು ಸೆಮಿಸ್ಟರ್ ಪದ್ಧತಿಗೆ ಬದಲಾಗಿದ್ದು, ಅಲ್ಲಿ ಅಂಕಗಳ ಜೊತೆಗೆ ಗ್ರೇಡ್ ನೀಡುವ ಕ್ರಮವಿದೆ. ಈ ಪದ್ಧತಿಯಲ್ಲಿ ತೇರ್ಗಡೆಯಾದವರು ಎಂಟೂ ಸೆಮಿಸ್ಟರುಗಳ ಅಂಕಪಟ್ಟಿಗಳನ್ನು ಹಾಗೂ ಅಗತ್ಯವಿದ್ದಲ್ಲಿ ಶೇಕಡಾವಾರು ಅಂಕಗಳನ್ನು ತಿಳಿಸುವ ವಿಶ್ವವಿದ್ಯಾಲಯದ ಪತ್ರವನ್ನು ಮುಂಚಿತವಾಗಿಯೇ ಪಡೆದಿಟ್ಟುಕೊಳ್ಳುವುದು ಒಳಿತು.

3. ಒಂದು ವರ್ಷದ ಸೇವಾನುಭವ: ಯಾವುದರ ಮೊದಲು, ಯಾವುದರ ನಂತರ?

ಹೆಚ್ಚಿನ ಗೊಂದಲಕ್ಕೆ ಕಾರಣವಾಗುವ ನಿಯಮವಿದು. ಅಭ್ಯರ್ಥಿಯು ಪಡೆದಿರುವ ಪದವಿಯ ಬಗೆಯನ್ನು ಅವಲಂಬಿಸಿ ನಿಯಮವು ಬೇರೆಯಾಗುತ್ತದೆ.

ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಪದವೀಧರರು: ಪದವಿಯ ನಂತರ ಕನಿಷ್ಠ ಒಂದು ವರ್ಷ ಸೇವೆ ಸಲ್ಲಿಸಿರಬೇಕು. ವ್ಯಾಸಂಗದ ಭಾಗವಾಗಿ ಆಸ್ಪತ್ರೆಯಲ್ಲಿ ಪಡೆದ ತರಬೇತಿಯು ಸೇವಾನುಭವವಲ್ಲ.

ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಪದವೀಧರರು: ಈ ಪದವಿಯ ಮೊದಲು ಅಥವಾ ನಂತರ ಸಲ್ಲಿಸಿದ ಒಂದು ವರ್ಷದ ಸೇವೆಯು ಪರಿಗಣನೆಗೆ ಬರುತ್ತದೆ. ಜಿ.ಎನ್.ಎಂ. ಡಿಪ್ಲೊಮಾ ಮುಗಿಸಿ ನೋಂದಣಿ ಮಾಡಿಸಿಕೊಂಡು ಆಸ್ಪತ್ರೆಯಲ್ಲಿ ದುಡಿದು, ಆನಂತರ ಪೋಸ್ಟ್ ಬೇಸಿಕ್ ಪದವಿ ಪಡೆದವರು ಮತ್ತೊಂದು ವರ್ಷ ಕಾಯಬೇಕಾಗಿಲ್ಲ.

ಉದಾಹರಣೆ: ಒಬ್ಬ ಬಿ.ಎಸ್ಸಿ. ಪದವೀಧರೆಯ ಅಂತಿಮ ಫಲಿತಾಂಶ 2024ರ ಅಕ್ಟೋಬರಿನಲ್ಲಿ ಪ್ರಕಟವಾಗಿ, ಅವರು ನವೆಂಬರ್ 1ರಂದೇ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದರೆಂದು ಭಾವಿಸೋಣ. ನೋಂದಣಿಗೆ ಅವರು ತಡವಾಗಿ ಅರ್ಜಿ ಸಲ್ಲಿಸಿದ್ದರಿಂದ ನೋಂದಣಿ ದೊರೆತದ್ದು 2025ರ ಮಾರ್ಚ್ 10ರಂದು. ಸಂಬಳದ ಲೆಕ್ಕದಲ್ಲಿ ಅವರ ಒಂದು ವರ್ಷ 2025ರ ಅಕ್ಟೋಬರ್ 31ಕ್ಕೆ ತುಂಬುತ್ತದೆ. ಆದರೆ ನೋಂದಣಿಯಿಲ್ಲದೆ ನರ್ಸ್ ವೃತ್ತಿಯಲ್ಲಿ ತೊಡಗಲು ಅವಕಾಶವಿಲ್ಲದ ಕಾರಣ, ನೋಂದಣಿಗೆ ಮುಂಚಿನ ನಾಲ್ಕು ತಿಂಗಳಿಗೂ ಹೆಚ್ಚಿನ ಅವಧಿಯ ಬಗ್ಗೆ ಪರಿಶೀಲನೆಯ ವೇಳೆ ಆಕ್ಷೇಪಣೆ ಬರಬಹುದು. ನೋಂದಣಿಯ ದಿನದಿಂದ ಲೆಕ್ಕ ಹಾಕಿದಲ್ಲಿ ಅವರ ಒಂದು ವರ್ಷ ಪೂರ್ಣಗೊಳ್ಳುವುದು 2026ರ ಮಾರ್ಚ್ ತಿಂಗಳಲ್ಲಿ. ಈ ನಡುವೆ ಅರ್ಜಿಯ ಕೊನೆಯ ದಿನಾಂಕ ಬಂದುಹೋದರೆ ಅವರ ಒಂದು ಶೈಕ್ಷಣಿಕ ವರ್ಷವೇ ಕೈತಪ್ಪುತ್ತದೆ.

ಆದುದರಿಂದ ಫಲಿತಾಂಶ ಪ್ರಕಟವಾದ ಕೂಡಲೇ ರಾಜ್ಯ ನರ್ಸಿಂಗ್ ಪರಿಷತ್ತಿಗೆ ನೋಂದಣಿಗಾಗಿ ಅರ್ಜಿ ಸಲ್ಲಿಸತಕ್ಕದ್ದು. ನೋಂದಣಿಯ ಅವಧಿ ಮುಗಿದಿದ್ದಲ್ಲಿ ಅರ್ಜಿಗೆ ಮೊದಲೇ ನವೀಕರಿಸಿಕೊಳ್ಳತಕ್ಕದ್ದು. ಬೇರೆ ರಾಜ್ಯದಲ್ಲಿ ನೋಂದಣಿಯಾಗಿರುವವರು ಕರ್ನಾಟಕದಲ್ಲಿ ಪ್ರವೇಶ ಪಡೆದಲ್ಲಿ, ಇಲ್ಲಿನ ಪರಿಷತ್ತಿನಲ್ಲಿ ನೋಂದಣಿ ಮಾಡಿಸುವ ಬಗ್ಗೆ ಕಾಲೇಜಿನಿಂದ ಆರಂಭದಲ್ಲಿಯೇ ಲಿಖಿತ ಸೂಚನೆ ಪಡೆಯುವುದು ಸೂಕ್ತ.

4. ಸೇವಾನುಭವ ಪ್ರಮಾಣಪತ್ರದಲ್ಲಿ ಇರಬೇಕಾದ ಅಂಶಗಳು

"ಒಂದು ವರ್ಷ ತೃಪ್ತಿಕರವಾಗಿ ಕೆಲಸ ಮಾಡಿರುತ್ತಾರೆ" ಎಂಬ ಒಂದು ಸಾಲಿನ ಪತ್ರವು ಪರಿಶೀಲನೆಗೆ ನೆರವಾಗುವುದಿಲ್ಲ. ಪ್ರಮಾಣಪತ್ರವು ಸಂಸ್ಥೆಯ ಶಿರೋನಾಮೆಯುಳ್ಳ ಕಾಗದದಲ್ಲಿದ್ದು, ಹುದ್ದೆಯ ಹೆಸರು, ಸೇವೆಗೆ ಸೇರಿದ ಮತ್ತು ಬಿಡುಗಡೆಯಾದ ದಿನಾಂಕ (ಸೇವೆಯಲ್ಲಿ ಮುಂದುವರಿದಿದ್ದಲ್ಲಿ ಪತ್ರ ನೀಡಿದ ದಿನಾಂಕ), ಕೆಲಸ ಮಾಡಿದ ವಾರ್ಡು ಅಥವಾ ವಿಭಾಗ, ಪತ್ರ ನೀಡಿದ ಅಧಿಕಾರಿಯ ಹೆಸರು, ಪದನಾಮ, ಸಹಿ ಮತ್ತು ಮೊಹರುಗಳನ್ನು ಒಳಗೊಂಡಿರಬೇಕು. ನೇಮಕಾತಿ ಆದೇಶ ಹಾಗೂ ವೇತನ ಚೀಟಿಗಳನ್ನು ಜೊತೆಗಿಟ್ಟುಕೊಂಡಲ್ಲಿ ಸಂದೇಹ ಬಂದಾಗ ಅನುಕೂಲವಾಗುತ್ತದೆ. ಕೆಲಸವನ್ನು ಬಿಡುವ ದಿನವೇ ಈ ಪತ್ರವನ್ನು ಪಡೆದುಕೊಳ್ಳುವುದು ಲೇಸು. ವರ್ಷಗಳ ನಂತರ ಆಸ್ಪತ್ರೆಯ ಆಡಳಿತ ಬದಲಾಗಿ ದಾಖಲೆ ದೊರೆಯದೆ ತೊಂದರೆಯಾಗುವ ಸಾಧ್ಯತೆ ಇರುತ್ತದೆ.

5. ಅರ್ಜಿ ಸಲ್ಲಿಸುವ ವಿಧಾನ

ಸರ್ಕಾರಿ ಸೀಟುಗಳ ಪ್ರವೇಶ ಪ್ರಕ್ರಿಯೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುತ್ತದೆ. ಆಯಾ ವರ್ಷದ ಅಧಿಸೂಚನೆಯಲ್ಲಿ ತಿಳಿಸಿದಂತೆ ಆನ್‌ಲೈನ್ ಅರ್ಜಿ, ಪ್ರವೇಶ ಪರೀಕ್ಷೆ, ದಾಖಲೆ ಪರಿಶೀಲನೆ, ಕಾಲೇಜು ಮತ್ತು ವಿಭಾಗಗಳ ಆಯ್ಕೆಯನ್ನು ದಾಖಲಿಸುವುದು ಹಾಗೂ ಸೀಟು ಹಂಚಿಕೆ ಎಂಬ ಹಂತಗಳಲ್ಲಿ ಪ್ರಕ್ರಿಯೆ ಸಾಗುತ್ತದೆ. ಪ್ರತಿಯೊಂದು ಹಂತಕ್ಕೂ ಪ್ರತ್ಯೇಕ ಕೊನೆಯ ದಿನಾಂಕ ಇರುತ್ತದೆ.

ಸಿದ್ಧವಾಗಿಟ್ಟುಕೊಳ್ಳಬೇಕಾದ ದಾಖಲೆಗಳು:

ಅ) ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಅಂಕಪಟ್ಟಿ
ಆ) ಪದವಿಯ ಎಲ್ಲ ವರ್ಷ ಅಥವಾ ಸೆಮಿಸ್ಟರುಗಳ ಅಂಕಪಟ್ಟಿ ಹಾಗೂ ಪದವಿ ಪ್ರಮಾಣಪತ್ರ, ಪೋಸ್ಟ್ ಬೇಸಿಕ್ ಪದವೀಧರರು ಜಿ.ಎನ್.ಎಂ. ದಾಖಲೆಗಳನ್ನೂ ಸೇರಿಸತಕ್ಕದ್ದು
ಇ) ನರ್ಸಿಂಗ್ ಪರಿಷತ್ತಿನ ನೋಂದಣಿ ಪ್ರಮಾಣಪತ್ರ
ಈ) ಸೇವಾನುಭವ ಪ್ರಮಾಣಪತ್ರ
ಉ) ಮೀಸಲಾತಿ ಕೋರುವವರು ತಹಶೀಲ್ದಾರರಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಇದರ ಮೇಲಿನ ಆರ್.ಡಿ. ಸಂಖ್ಯೆಯನ್ನು ಅರ್ಜಿಯಲ್ಲಿ ತಪ್ಪಿಲ್ಲದೆ ನಮೂದಿಸತಕ್ಕದ್ದು
ಊ) ಸಂವಿಧಾನದ 371(ಜೆ) ಅನುಚ್ಛೇದದಡಿ ಕಲ್ಯಾಣ ಕರ್ನಾಟಕದ ಸೌಲಭ್ಯ ಕೋರುವವರು ಸಹಾಯಕ ಆಯುಕ್ತರು ನೀಡಿದ ಅರ್ಹತಾ ಪ್ರಮಾಣಪತ್ರ

ಎಲ್ಲ ದಾಖಲೆಗಳಲ್ಲಿ ಅರ್ಜಿದಾರರ ಹೆಸರು ಒಂದೇ ರೀತಿ ಇರಬೇಕು. ವಿವಾಹದ ನಂತರ ಹೆಸರು ಅಥವಾ ಇನಿಷಿಯಲ್ ಬದಲಾಗಿದ್ದಲ್ಲಿ ಅದಕ್ಕೆ ಸಂಬಂಧಿಸಿದ ದಾಖಲೆಯನ್ನು ಹಾಜರುಪಡಿಸಬೇಕಾಗುತ್ತದೆ.

ಸರ್ಕಾರಿ ಸೇವೆಯಲ್ಲಿರುವ ಶುಶ್ರೂಷಾಧಿಕಾರಿಗಳು ತಮ್ಮ ಇಲಾಖೆಯ ಸಕ್ಷಮ ಪ್ರಾಧಿಕಾರದಿಂದ ನಿರಾಕ್ಷೇಪಣಾ ಪತ್ರ ಪಡೆದು ಅರ್ಜಿ ಸಲ್ಲಿಸತಕ್ಕದ್ದು. ಸೀಟು ದೊರೆತ ನಂತರ ಅನುಮತಿ ಕೋರಿದಲ್ಲಿ, ಬಿಡುಗಡೆ ಆದೇಶ ಬರುವುದರೊಳಗೆ ಕಾಲೇಜಿಗೆ ವರದಿ ಮಾಡಿಕೊಳ್ಳುವ ದಿನಾಂಕ ಮೀರಬಹುದು.

6. ಮೊದಲ ವರ್ಷದಿಂದ ಎರಡನೆಯ ವರ್ಷಕ್ಕೆ

ಮೊದಲ ವರ್ಷದಲ್ಲಿ ನರ್ಸಿಂಗ್ ಶಿಕ್ಷಣ, ಉನ್ನತ ನರ್ಸಿಂಗ್ ವೃತ್ತಿ, ನರ್ಸಿಂಗ್ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ ಹಾಗೂ ವಿಶೇಷ ವಿಭಾಗದ ಮೊದಲ ಭಾಗ ಎಂಬ ನಾಲ್ಕು ವಿಷಯಗಳಿವೆ. ಎರಡನೆಯ ವರ್ಷದಲ್ಲಿ ನರ್ಸಿಂಗ್ ನಿರ್ವಹಣೆ, ವಿಶೇಷ ವಿಭಾಗದ ಎರಡನೆಯ ಭಾಗ ಮತ್ತು ಸಂಶೋಧನಾ ಪ್ರಬಂಧ ಇರುತ್ತವೆ. ವಿಶೇಷ ವಿಭಾಗದ ಪ್ರಾಯೋಗಿಕ ತರಬೇತಿಯೇ ಮೊದಲ ವರ್ಷದಲ್ಲಿ 650 ಗಂಟೆ, ಎರಡನೆಯ ವರ್ಷದಲ್ಲಿ 950 ಗಂಟೆಗಳಷ್ಟಿದೆ.

ಹಾಜರಾತಿ: ಗೈರುಹಾಜರಿಗೆ ಕಾರಣ ಯಾವುದೇ ಇರಲಿ, ಪ್ರತಿ ವಿಷಯದ ಸಿದ್ಧಾಂತ ಮತ್ತು ಪ್ರಾಯೋಗಿಕಗಳಲ್ಲಿ ಶೇ. 80 ಹಾಜರಾತಿ ಇದ್ದಲ್ಲಿ ಮಾತ್ರ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಪ್ರಾಯೋಗಿಕ ತರಬೇತಿಯಲ್ಲಿ ಉಳಿಕೆಯಾದ ದಿನಗಳನ್ನು ಪೂರೈಸಿ ಶೇ. 100 ಹಾಜರಾತಿ ಹೊಂದಿದ ನಂತರವೇ ಪದವಿ ಪ್ರದಾನವಾಗುತ್ತದೆ.

ತೇರ್ಗಡೆ: ಸಿದ್ಧಾಂತ ಮತ್ತು ಪ್ರಾಯೋಗಿಕಗಳೆರಡರಲ್ಲಿಯೂ ಪ್ರತ್ಯೇಕವಾಗಿ ಶೇ. 50 ಅಂಕ ಪಡೆಯಬೇಕು. ಒಂದರಲ್ಲಿ ಅನುತ್ತೀರ್ಣರಾದರೂ ಆ ವಿಷಯದ ಎರಡೂ ಪರೀಕ್ಷೆಗಳನ್ನು ಪುನಃ ಬರೆಯಬೇಕು. ಪ್ರಾಯೋಗಿಕದಲ್ಲಿ ಶೇ. 70 ಪಡೆದು ಸಿದ್ಧಾಂತದಲ್ಲಿ ಶೇ. 46 ಪಡೆದವರು ಪ್ರಾಯೋಗಿಕವನ್ನೂ ಮತ್ತೆ ಎದುರಿಸಬೇಕಾಗುತ್ತದೆ.

ಮುಂದುವರಿಕೆ: ಮೊದಲ ವರ್ಷದಲ್ಲಿ ಅನುತ್ತೀರ್ಣರಾದವರು ಎರಡನೆಯ ವರ್ಷದ ತರಗತಿಗಳಲ್ಲಿ ಮುಂದುವರಿಯಬಹುದು. ಆದರೆ ಮೊದಲ ವರ್ಷದ ಎಲ್ಲ ವಿಷಯಗಳಲ್ಲಿ ತೇರ್ಗಡೆಯಾಗುವವರೆಗೆ ಎರಡನೆಯ ವರ್ಷದ ಪರೀಕ್ಷೆಗೆ ಅವಕಾಶವಿರುವುದಿಲ್ಲ. ತರಗತಿಯಲ್ಲಿ ಕುಳಿತಿರುವುದನ್ನೇ ಬಡ್ತಿ ಎಂದು ಭಾವಿಸದೆ, ಬರುವ ಪೂರಕ ಪರೀಕ್ಷೆಯಲ್ಲಿಯೇ ಉಳಿದ ವಿಷಯವನ್ನು ಪೂರೈಸಿಕೊಳ್ಳತಕ್ಕದ್ದು.

ಮಿತಿ: ಪ್ರತಿ ವಿಷಯಕ್ಕೆ ಮೊದಲ ಪ್ರಯತ್ನವೂ ಸೇರಿ ಒಟ್ಟು ಮೂರು ಅವಕಾಶಗಳಿವೆ. ಇಡೀ ವ್ಯಾಸಂಗವನ್ನು ಹೆಚ್ಚೆಂದರೆ ನಾಲ್ಕು ವರ್ಷಗಳೊಳಗೆ ಮುಗಿಸಬೇಕು.

7. ಸಂಶೋಧನಾ ಪ್ರಬಂಧದ ಕಾಲಮಿತಿ

ಸಂಶೋಧನಾ ಪ್ರಸ್ತಾವನೆಯನ್ನು ಮೊದಲ ವರ್ಷದ ಒಂಬತ್ತನೆಯ ತಿಂಗಳ ಅಂತ್ಯದೊಳಗೆ ಹಾಗೂ ಪೂರ್ಣ ಪ್ರಬಂಧವನ್ನು ಎರಡನೆಯ ವರ್ಷದ ಒಂಬತ್ತನೆಯ ತಿಂಗಳ ಅಂತ್ಯದೊಳಗೆ ಸಲ್ಲಿಸುವ ಕ್ರಮವಿದೆ. ರೋಗಿಗಳಿಂದ ಮಾಹಿತಿ ಸಂಗ್ರಹಿಸುವ ಮುನ್ನ ಸಂಸ್ಥೆಯ ನೈತಿಕ ಸಮಿತಿಯ ಅನುಮೋದನೆ ಮತ್ತು ಆಸ್ಪತ್ರೆಯ ಅನುಮತಿ ಇರಬೇಕು. ಅನುಮೋದನೆಯ ದಿನಾಂಕಕ್ಕೆ ಮೊದಲು ಸಂಗ್ರಹಿಸಿದ ಮಾಹಿತಿಯನ್ನು ಪ್ರಬಂಧದಲ್ಲಿ ಬಳಸುವಂತಿಲ್ಲ.

8. ಎಚ್ಚರಿಕೆ ವಹಿಸಬೇಕಾದ ವಿಷಯಗಳು

ಅ) "ತರಗತಿಗೆ ಬರಬೇಕಾಗಿಲ್ಲ, ಪರೀಕ್ಷೆಗೆ ಬಂದರೆ ಸಾಕು" ಎಂಬ ಭರವಸೆಯನ್ನು ನಂಬಿ ಶುಲ್ಕ ಪಾವತಿಸಬಾರದು. ಹಾಜರಾತಿ ಇಲ್ಲದ ವ್ಯಾಸಂಗವು ಮುಂದೆ ಪದವಿಗೂ ನೋಂದಣಿಗೂ ಕುತ್ತು ತರಬಹುದು. ದುಡಿಮೆಯಿಂದಲೇ ಕುಟುಂಬವನ್ನು ಸಲಹುತ್ತಿರುವವರು ಎರಡು ವರ್ಷಗಳ ಖರ್ಚಿಗೆ ಮೊದಲೇ ಏರ್ಪಾಡು ಮಾಡಿಕೊಂಡು ಸೇರುವುದು ಕ್ಷೇಮಕರ.

ಆ) ಮೂಲ ದಾಖಲೆಗಳನ್ನು ಪರಿಶೀಲಿಸಿದ ನಂತರ ವಿದ್ಯಾರ್ಥಿಗೆ ಹಿಂದಿರುಗಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರ ಅಧಿಸೂಚನೆಯಲ್ಲಿ ತಿಳಿಸಿದೆ. ದಾಖಲೆ ಒಪ್ಪಿಸುವಾಗ ಸ್ವೀಕೃತಿ ಪಡೆಯತಕ್ಕದ್ದು.

ಇ) ಪಾವತಿಸಿದ ಎಲ್ಲ ಶುಲ್ಕಗಳಿಗೂ ರಸೀದಿ ಪಡೆದು ಕಾಪಾಡಿಕೊಳ್ಳತಕ್ಕದ್ದು.

9. ಪದವಿಯ ನಂತರ

ತೇರ್ಗಡೆಯಾದವರು ಸ್ನಾತಕೋತ್ತರ ಪದವಿಯನ್ನು ಹೆಚ್ಚುವರಿ ವಿದ್ಯಾರ್ಹತೆಯಾಗಿ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ದಾಖಲಿಸಿಕೊಳ್ಳತಕ್ಕದ್ದು. ನರ್ಸಿಂಗ್ ಕಾಲೇಜುಗಳ ಬೋಧಕ ಹುದ್ದೆಗಳಿಗೆ ಹಾಗೂ ಪಿಎಚ್.ಡಿ. ಸಂಶೋಧನೆಗೆ ಈ ಪದವಿಯು ದಾರಿ ಮಾಡಿಕೊಡುತ್ತದೆ.

ಸೂಚನೆ: ಈ ಪುಟವು ಸಾಮಾನ್ಯ ಮಾಹಿತಿಗಾಗಿ ಮಾತ್ರ. ಇಲ್ಲಿನ ವಿವರಗಳಿಗೂ ಅಧಿಸೂಚನೆ ಅಥವಾ ವಿಶ್ವವಿದ್ಯಾಲಯದ ವಿನಿಯಮಗಳಿಗೂ ವ್ಯತ್ಯಾಸವಿದ್ದಲ್ಲಿ ಅಧಿಸೂಚನೆ ಮತ್ತು ವಿನಿಯಮಗಳೇ ಅಂತಿಮವಾಗಿರುತ್ತವೆ. ಅರ್ಜಿ ಸಲ್ಲಿಸುವ ಮುನ್ನ ಪದವಿ, ನೋಂದಣಿ, ಸೇವೆಯ ಆರಂಭ ಮತ್ತು ಸೇವೆಯ ಒಂದು ವರ್ಷ ಪೂರ್ಣಗೊಂಡ ದಿನ, ಈ ನಾಲ್ಕು ದಿನಾಂಕಗಳನ್ನು ಅರ್ಜಿಯ ಕೊನೆಯ ದಿನಾಂಕದೊಂದಿಗೆ ಮತ್ತೊಮ್ಮೆ ತಾಳೆ ನೋಡಿಕೊಳ್ಳಲು ಅರ್ಜಿದಾರರಲ್ಲಿ ಕೋರಲಾಗಿದೆ.