ಮೋಟಾರಿಲ್ಲದ ರಾಕೆಟ್ಟು

ಬೆಂಗಳೂರಿನ ಹಳೆಯ ಪೇಟೆಯಲ್ಲಿ ತಾರಾಮಂಡಲಪೇಟೆ ಎಂಬ ಹೆಸರು ಇನ್ನೂ ಉಳಿದಿದೆ. ಹೈದರ್, ಟಿಪ್ಪುವಿನ ಕಾಲದಲ್ಲಿ ಯುದ್ಧದ ಬಾಣಗಳು, ಅಂದರೆ ರಾಕೆಟ್ಟುಗಳು, ತಯಾರಾಗುತ್ತಿದ್ದ ಜಾಗ ಅದು. ಶ್ರೀರಂಗಪಟ್ಟಣ, ಚಿತ್ರದುರ್ಗ, ಬಿದನೂರುಗಳಲ್ಲೂ ಇಂಥವೇ ಕಾರ್ಖಾನೆಗಳಿದ್ದವು ಎನ್ನುತ್ತಾರೆ. ತಾರಾಮಂಡಲಪೇಟೆಯಿಂದ ಚಾಮರಾಜಪೇಟೆಗೆ ನಡೆದೇ ಹೋಗಬಹುದು, ಬಸವನಗುಡಿಯೂ ದೂರವಲ್ಲ. ರಾಕೆಟ್ಟಿನೊಂದಿಗೆ ಇಷ್ಟು ಹಳೆಯ ನಂಟಿರುವ, ಮೇಲಾಗಿ ಇಸ್ರೋದ ಕೇಂದ್ರ ಕಚೇರಿಯೂ ಇರುವ ಊರಿನಲ್ಲಿ ಹೈಸ್ಕೂಲು ಹುಡುಗಿಯೊಬ್ಬಳು ಕಿಟ್ ತಂದು ರಾಕೆಟ್ ಕಟ್ಟಿ ಹಾರಿಸುತ್ತೇನೆ ಎಂದು ಹೊರಟರೆ ಕಾಗದದ ಕೊಳವೆ ಸಿಗುತ್ತದೆ, ಮೂತಿ ಸಿಗುತ್ತದೆ, ರೆಕ್ಕೆ ಸಿಗುತ್ತದೆ. ಅದನ್ನು ಮೇಲಕ್ಕೆ ನೂಕುವ ಮೋಟಾರು ಸಿಗುವುದಿಲ್ಲ. ಯಾಕೆ ಹೀಗಾಯಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೈಸೂರಿನ ಬಾಣದ ವಿಶೇಷವಿದ್ದದ್ದು ಅದರ ಕಬ್ಬಿಣದ ಕೊಳವೆಯಲ್ಲಿ. ಕಾಗದದ ಅಥವಾ ಬಿದಿರಿನ ಕೊಳವೆ ತಾಳದಷ್ಟು ಒತ್ತಡವನ್ನು ಕಬ್ಬಿಣ ತಾಳುತ್ತಿತ್ತು. ಮದ್ದನ್ನು ಬಿಗಿಯಾಗಿ ತುಂಬಬಹುದಿತ್ತು, ಬಾಣ ದೂರ ಹೋಗುತ್ತಿತ್ತು. 1780ರಲ್ಲಿ ಪೊಳ್ಳಿಲೂರಿನಲ್ಲಿ ಬ್ರಿಟಿಷ್ ಕರ್ನಲ್ ಬೇಲಿಯ ಸೈನ್ಯ ಇದರ ರುಚಿ ಕಂಡಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಆ ಕಾಳಗದ ಚಿತ್ರ ಈಗಲೂ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬಾಣಗಳು ಇಂಗ್ಲೆಂಡಿನ ವುಲ್ವಿಚ್‌ಗೆ ಹೋದವು. ಕೆಲವೇ ವರ್ಷಗಳಲ್ಲಿ ಅಲ್ಲಿನ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ಪ್ರದರ್ಶಿಸಿದ.

ಈ ಕಥೆಯನ್ನು ಪುರಾಣದಿಂದ ಬಿಡಿಸಿ ವಿಜ್ಞಾನದ ಚರಿತ್ರೆಯಾಗಿ ಬರೆದವರು ಬಸವನಗುಡಿಯ ಕಡೆಯವರೇ. ರೊದ್ದಂ ನರಸಿಂಹ ಓದಿದ್ದು ಗಾಂಧಿಬಜಾರಿನ ಆಚಾರ್ಯ ಪಾಠಶಾಲೆಯಲ್ಲಿ. ತಂದೆ ಆರ್.ಎಲ್. ನರಸಿಂಹಯ್ಯ ಭೌತಶಾಸ್ತ್ರದ ಮೇಷ್ಟ್ರು, ಕನ್ನಡದಲ್ಲಿ ವಿಜ್ಞಾನ ಬರೆದ ಮೊದಲ ತಲೆಮಾರಿನವರಲ್ಲಿ ಒಬ್ಬರು. ಮಗ ವಾಯುಯಾನ ವಿಜ್ಞಾನಿಯಾಗಿ, ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿಯ ನಿರ್ದೇಶಕರಾಗಿದ್ದಾಗ, 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳ ಬಗ್ಗೆ ಒಂದು ಪ್ರಬಂಧ ಬರೆದರು. ಆಗ ವುಲ್ವಿಚ್‌ನಲ್ಲಿ ಉಳಿದಿದ್ದ ಎರಡು ಬಾಣಗಳ ಅಳತೆ ಅದರಲ್ಲಿದೆ: ಒಂದರ ಕೊಳವೆ ಸುಮಾರು 10 ಅಂಗುಲ, ಅದಕ್ಕೆ ಕಟ್ಟಿದ್ದು ಮೂರು ಅಡಿ ಮೀರಿದ ಕತ್ತಿಯ ಅಲಗು, ಇನ್ನೊಂದು ಅದಕ್ಕಿಂತ ಚಿಕ್ಕದು, ತೊಗಲಿನ ಪಟ್ಟಿಯಿಂದ ಆರಡಿ ಮೀರಿದ ಬಿದಿರಿಗೆ ಬಿಗಿದದ್ದು. ಆಮೇಲೆ ನಮ್ಮಲ್ಲೇ ಹೊಸ ಸಾಕ್ಷಿ ಸಿಕ್ಕಿತು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣಗಳು ಕೆಸರಿನಿಂದ ಹೊರಬಂದವು. ನಗರವೆಂದರೆ ಹಳೆಯ ಬಿದನೂರು.

ಬಿದಿರಿನ ಕೋಲಿನ ಕೆಲಸವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು; ಕಿಟ್ ರಾಕೆಟ್ಟಿನ ರೆಕ್ಕೆ ಮಾಡುವುದೂ ಅದನ್ನೇ. ಹಾರುವ ವಸ್ತು ತನ್ನ ಗುರುತ್ವಕೇಂದ್ರದ ಸುತ್ತ ತಿರುಗುತ್ತದೆ. ಗಾಳಿಯ ಒತ್ತು ಬೀಳುವ ಕೇಂದ್ರ ಅದಕ್ಕಿಂತ ಹಿಂದೆ ಇದ್ದರೆ, ಓರೆಯಾದ ರಾಕೆಟ್ಟನ್ನು ಗಾಳಿಯೇ ನೇರ ಮಾಡುತ್ತದೆ. ಮುಂದೆ ಇದ್ದರೆ ರಾಕೆಟ್ ಪಲ್ಟಿ ಹೊಡೆಯುತ್ತದೆ. ದೀಪಾವಳಿಯ ಬಾಣದ ಕಡ್ಡಿ ಮುರಿದುಕೊಂಡು ಹಚ್ಚಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಕ್ಕಳ ಕೈಗೆ ಕೊಡಬಹುದಾದ ರಾಕೆಟ್ ಹುಟ್ಟಿದ್ದು ಅಮೆರಿಕದಲ್ಲಿ, ಅದೂ ಒಂದು ಚಪ್ಪಲಿ ಅಂಗಡಿಯವನಿಂದ. ನೆಬ್ರಾಸ್ಕದ ಆರ್ವಿಲ್ ಕಾರ್ಲೈಲ್‌ಗೆ ಪಟಾಕಿಯ ಹುಚ್ಚು. 1954ರಲ್ಲಿ ಆತ ಕಾಗದದ ಕೊಳವೆಗೆ ಬಾಲ್ಸಾ ಮರದ ರೆಕ್ಕೆ ಅಂಟಿಸಿ, ಪ್ಯಾರಾಚೂಟಿನಲ್ಲಿ ಇಳಿಯುವ, ಮೋಟಾರು ಬದಲಿಸಿ ಮತ್ತೆ ಹಾರಿಸಬಹುದಾದ ರಾಕೆಟ್ ಮಾಡಿದ. ಕ್ಷಿಪಣಿ ನೆಲೆಯೊಂದರಲ್ಲಿ ಕೆಲಸ ಮಾಡಿದ್ದ ಜಿ. ಹ್ಯಾರಿ ಸ್ಟೈನ್ ಆ ಹೊತ್ತಿಗೆ, ಹುಡುಗರು ಮನೆಯಲ್ಲೇ ಮದ್ದು ಬೆರೆಸಿ ಕೈ ಸುಟ್ಟುಕೊಳ್ಳುವುದರ ವಿರುದ್ಧ ಬರೆಯುತ್ತಿದ್ದ. ಕಾರ್ಲೈಲ್ ತನ್ನ ಮಾದರಿಗಳನ್ನು ಅವನಿಗೆ ಕಳುಹಿಸಿದ. 1957ರಲ್ಲಿ ಸ್ಟೈನ್‌ನ ಮಾಡೆಲ್ ರಾಕೆಟ್ ಕಂಪನಿ ಶುರುವಾಯಿತು, ಅದೇ ವರ್ಷದ ಅಕ್ಟೋಬರಿನಲ್ಲಿ ಸ್ಪುಟ್ನಿಕ್ ಹಾರಿತು, ಬೇಡಿಕೆ ಮುಗಿಬಿತ್ತು. ಪಟಾಕಿ ವ್ಯಾಪಾರದ ಮನೆತನದ ವರ್ನ್ ಎಸ್ಟೀಸ್ ಮುಂದಿನ ವರ್ಷ ಕೆಲವೇ ಸೆಕೆಂಡಿಗೊಂದು ಮೋಟಾರು ಒತ್ತಿ ಕೊಡುವ ಯಂತ್ರ ಕಟ್ಟಿದ. ನನ್ನ ಲೆಕ್ಕದಲ್ಲಿ ಈ ಹವ್ಯಾಸದ ನಿಜವಾದ ಆವಿಷ್ಕಾರ ಆ ಮೋಟಾರೇ. ಮದ್ದಿಗೆ ಮಕ್ಕಳ ಕೈ ತಾಕದಂತೆ ಮಾಡಿದ್ದು ಅದು.

ಮೋಟಾರೆಂದರೆ ಹೆಬ್ಬೆರಳಿಗಿಂತ ತುಸು ಉದ್ದದ, 18 ಮಿ.ಮೀ. ವ್ಯಾಸದ ಕಾಗದದ ಗೂಡು. ಕೆಳಗೆ ಜೇಡಿಮಣ್ಣಿನ ನಳಿಕೆ, ಅದರ ಮೇಲೆ ನೂಕುವ ಮದ್ದು, ಅದರ ಮೇಲೆ ಹೊಗೆ ಬಿಡುತ್ತ ನಿಧಾನವಾಗಿ ಉರಿಯುವ ಪದರ, ಕೊನೆಗೆ ಪ್ಯಾರಾಚೂಟನ್ನು ಹೊರಕ್ಕೆ ತಳ್ಳುವ ಚಿಟಿಕೆ ಮದ್ದು. ಮೈಮೇಲೆ ಬಿ6-4 ಎಂದು ಬರೆದಿದ್ದರೆ ಬಿ ಎಂಬುದು ಒಟ್ಟು ನೂಕಿನ ದರ್ಜೆ, 6 ಎಂಬುದು ಸರಾಸರಿ ನೂಕುಬಲ ನ್ಯೂಟನ್‌ಗಳಲ್ಲಿ, 4 ಎಂಬುದು ಮದ್ದು ಮುಗಿದ ಮೇಲೆ ಪ್ಯಾರಾಚೂಟ್ ಬಿಚ್ಚಿಕೊಳ್ಳುವವರೆಗಿನ ಸೆಕೆಂಡುಗಳು. ಅಕ್ಷರ ಒಂದು ಮುಂದಕ್ಕೆ ಹೋದರೆ ನೂಕು ಎರಡರಷ್ಟಾಗುತ್ತದೆ.

ಉಳಿದದ್ದು ಕೈಕೆಲಸ. ಬಾಲ್ಸಾ ಹಲಗೆಯ ಎಳೆ ರೆಕ್ಕೆಯ ಮುಂದಿನ ಅಂಚಿನ ಜೊತೆಗೇ ಓಡಬೇಕು. ಅಡ್ಡ ಕತ್ತರಿಸಿದರೆ ಮೊದಲ ಸಲ ನೆಲಕ್ಕೆ ತಾಕಿದಾಗಲೇ ಚಟ್ಟನೆ ಮುರಿಯುತ್ತದೆ. ಕೊಳವೆಗೆ ಕಾಗದದ ಪಟ್ಟಿ ಸುತ್ತಿ, ಅದನ್ನು ಮೂರು ಪಾಲು ಮಾಡಿ ಗುರುತು ಹಾಕಿ, ರೆಕ್ಕೆ ನಿಲ್ಲಿಸುತ್ತಾರೆ. ಒಣಗಿದ ಮೇಲೆ ಮೂಲೆಗೆ ಇನ್ನೊಮ್ಮೆ ಫೆವಿಕಾಲ್ ಎಳೆದು ಬೆರಳಿನಿಂದ ಸವರುತ್ತಾರೆ. ಕೊನೆಗೆ, ಹಾರಿಸುವಾಗ ಇರುವಷ್ಟೇ ತೂಕದಲ್ಲಿ, ರಾಕೆಟ್ಟನ್ನು ಗುರುತ್ವಕೇಂದ್ರದಲ್ಲಿ ದಾರಕ್ಕೆ ಕಟ್ಟಿ ತಲೆಯ ಸುತ್ತ ಬೀಸಿ ನೋಡುವ ಪರೀಕ್ಷೆ. ಮೂತಿ ಮುಂದಾಗಿ ಸುತ್ತಿದರೆ ಪಾಸು. ಬಾಲ ಮುಂದಾದರೆ ಮೂತಿಗೆ ಒಂದಿಷ್ಟು ತೂಕ ಮೆತ್ತಬೇಕು.

ಈಗ ನಮ್ಮೂರಿಗೆ ಬರೋಣ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಜ್ಞಾನ ವೇದಿಕೆ ಶುರುಮಾಡಿದ್ದು 1962ರಲ್ಲಿ. ಮರುವರ್ಷ ನವೆಂಬರ್ 21ರಂದು ತಿರುವನಂತಪುರದ ಬಳಿಯ ತುಂಬಾದಿಂದ ದೇಶದ ಮೊದಲ ಸೌಂಡಿಂಗ್ ರಾಕೆಟ್ ಹಾರಿತು. ಊರಿಗೆ ವಿಜ್ಞಾನದ ಆಸಕ್ತಿಯಿತ್ತು, ಆದರೆ ರಾಕೆಟ್ಟಿಗೆ ಸಮುದ್ರತೀರ ಬೇಕು, ಬೆಂಗಳೂರಿಗೆ ಅದಿಲ್ಲ. ಹೀಗಾಗಿ ಉಡ್ಡಯನದ ಕೆಲಸ ತಿರುವನಂತಪುರ, ಶ್ರೀಹರಿಕೋಟಾಗಳ ಪಾಲಾಯಿತು. ಮಲ್ಲೇಶ್ವರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಆ ಹುದ್ದೆ ಬಿಡದೆಯೇ ಇಸ್ರೋ ವಹಿಸಿಕೊಂಡದ್ದರಿಂದ ಕೇಂದ್ರ ಕಚೇರಿ ಇಲ್ಲಿಗೆ ಬಂತು. ಯು.ಆರ್. ರಾವ್ ಅವರ ತಂಡ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ಕಟ್ಟಿತು. 1975ರ ಏಪ್ರಿಲ್ 19ರಂದು ಅದು ಕಕ್ಷೆ ಸೇರಿದ್ದು ಸೋವಿಯತ್ ರಾಕೆಟ್ಟಿನ ಮೇಲೆ.

ಅಲ್ಲಿಂದ ಈ ಊರಿಗೆ ಒಂದು ಜಾಡು ಬಿತ್ತು: ಹೊರೆ ನಮ್ಮದು, ಹೊರುವವರು ಬೇರೆಯವರು. ವಿದ್ಯಾರ್ಥಿಗಳೂ ಅದೇ ಜಾಡು ಹಿಡಿದರು. ಬೆಂಗಳೂರು, ಹೈದರಾಬಾದುಗಳ ಏಳು ಕಾಲೇಜುಗಳ ಪುಟ್ಟ ಉಪಗ್ರಹ ಸ್ಟಡ್‌ಸ್ಯಾಟ್ 2010ರ ಜುಲೈನಲ್ಲಿ ಹಾರಿತು. ತೂಕ ಒಂದು ಕಿಲೋಕ್ಕಿಂತ ಕಡಿಮೆ. 2016ರಲ್ಲಿ ಪಿಇಎಸ್ ವಿದ್ಯಾರ್ಥಿಗಳ ಪೈಸ್ಯಾಟ್, 2024ರ ಡಿಸೆಂಬರಿನಲ್ಲಿ ಆರ್.ವಿ. ಕಾಲೇಜಿನ ಆರ್‌ವಿಸ್ಯಾಟ್-1. ಎಲ್ಲವೂ ಮೇಜಿನ ಮೇಲೆ ಕಟ್ಟಬಹುದಾದವು. ಸಂವೇದಕ, ಸರ್ಕ್ಯೂಟ್ ಬೋರ್ಡು ಬೇಕೆಂದರೆ ಎಸ್.ಪಿ. ರಸ್ತೆಗೆ ಹೋದರಾಯಿತು. ಮೋಟಾರಿಗೆ ಅಂಥ ರಸ್ತೆಯಿಲ್ಲ. 1884ರ ಸ್ಫೋಟಕ ಕಾಯ್ದೆ, ಅದರಡಿ ಬಂದ 2008ರ ನಿಯಮಗಳ ಪ್ರಕಾರ ಪರವಾನಗಿಯಿಲ್ಲದೆ ಮದ್ದು ತಯಾರಿಸುವುದು ಅಪರಾಧ. ಕಾನೂನಿನಲ್ಲಿ ತಪ್ಪಿದೆ ಎಂದು ನಾನು ಹೇಳಲಾರೆ. ಆದರೆ ಕಾರ್ಖಾನೆಯಲ್ಲಿ ಮಾಡಿದ, ಪರೀಕ್ಷಿಸಿದ ಐದು ನ್ಯೂಟನ್-ಸೆಕೆಂಡಿನ ಮೋಟಾರು ಮಾರಲು ದಾರಿ ಮಾಡದೆ, ಬೀದಿಯಲ್ಲಿ ದೀಪಾವಳಿಯ ಬಾಣ ಬಾಟಲಿಗಿಟ್ಟು ಹಚ್ಚಲು ಬಿಡುವುದು ವಿಚಿತ್ರ.

ಇನ್ನೊಂದು ತೊಡಕು ಜಾಗದ್ದು. ಅಮೆರಿಕದ ಹವ್ಯಾಸಿಗಳ ಸುರಕ್ಷಾ ನಿಯಮದ ಪ್ರಕಾರ ಬಿ ದರ್ಜೆಗೆ 200 ಅಡಿ, ಸಿ ದರ್ಜೆಗೆ 400 ಅಡಿ ಅಗಲದ ಬಯಲು ಬೇಕು. ಅದೂ ಕನಿಷ್ಠ ಮಾತ್ರ. 150 ಮೀಟರ್ ಎತ್ತರದಿಂದ ಸೆಕೆಂಡಿಗೆ 4 ಮೀಟರಿನಂತೆ ಇಳಿಯುವ ಪ್ಯಾರಾಚೂಟ್ ಸುಮಾರು 37 ಸೆಕೆಂಡು ಗಾಳಿಯಲ್ಲಿರುತ್ತದೆ. ಸೆಕೆಂಡಿಗೆ 3 ಮೀಟರಿನ ಸಾಧಾರಣ ಗಾಳಿಯಿದ್ದರೂ ನೂರು ಮೀಟರು ದಾಟಿ ತೇಲಿಹೋಗುತ್ತದೆ. ನ್ಯಾಷನಲ್ ಕಾಲೇಜು ಮೈದಾನದಿಂದ ಬಿಟ್ಟದ್ದು ಮೆಟ್ರೋ ಸೇತುವೆಯ ಮೇಲೋ, ಯಾರದೋ ಮನೆಯ ತಾರಸಿಯ ಮೇಲೋ ಇಳಿದೀತು. ಮಲ್ಲೇಶ್ವರದಲ್ಲಾದರೆ ಮರ ಮತ್ತು ತಂತಿ.

ಹಾಗಾಗಿ ಇಲ್ಲಿನ ಶಾಲೆಗಳಿಗೆ ಒಗ್ಗಿದ್ದು ನೀರಿನ ರಾಕೆಟ್. ತಂಪುಪಾನೀಯದ ಎರಡು ಲೀಟರಿನ ಬಾಟಲಿ, ಮೂರನೇ ಒಂದು ಭಾಗ ನೀರು, ಸೈಕಲ್ ಪಂಪು. ಪ್ರತಿವರ್ಷ ಅಕ್ಟೋಬರ್ 4ರಿಂದ 10ರವರೆಗಿನ ವಿಶ್ವ ಬಾಹ್ಯಾಕಾಶ ಸಪ್ತಾಹದಲ್ಲಿ ಇದರ ಸ್ಪರ್ಧೆಗಳಿರುತ್ತವೆ. ಇದನ್ನು ಆಟಿಕೆ ಎಂದು ತಳ್ಳಿಹಾಕುವವರುಂಟು, ಒಪ್ಪುವುದು ಕಷ್ಟ. ಗುರುತ್ವಕೇಂದ್ರದ ಪಾಠ, ರೆಕ್ಕೆಯ ಪಾಠ, ನ್ಯೂಟನ್ನನ ಮೂರನೆಯ ನಿಯಮ ಎಲ್ಲ ಇದರಲ್ಲಿವೆ, ಬೆಂಕಿ ಮಾತ್ರ ಇಲ್ಲ.

ದೊಡ್ಡವರ ಮಟ್ಟದಲ್ಲಿ ಈಚೆಗೆ ಬಾಗಿಲು ಸ್ವಲ್ಪ ತೆರೆದಿದೆ. 2025ರಲ್ಲಿ, ಬಾಹ್ಯಾಕಾಶ ಚಟುವಟಿಕೆಗಳಿಗೆ ಅನುಮತಿ ಕೊಡುವ ಕೇಂದ್ರ ಸಂಸ್ಥೆ ಇನ್‌ಸ್ಪೇಸ್ ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಯಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ಮಾಡೆಲ್ ರಾಕೆಟ್ ಸ್ಪರ್ಧೆ ನಡೆಸಿತು. ಬಯಲು, ಅನುಮತಿ, ಇಸ್ರೋದ ಉಸ್ತುವಾರಿ ಮೂರೂ ಒಂದೇ ಕಡೆ ಒದಗಿದರೆ ರಾಕೆಟ್ ಹಾರಿಸಬಹುದು ಎಂಬುದಕ್ಕೆ ಇದೇ ಸಾಕ್ಷಿ. ಕರ್ನಾಟಕದಲ್ಲೂ ಇದನ್ನು ಮಾಡಬಹುದು: ವಿಮಾನಗಳ ದಾರಿಗೆ ಸಿಗದ ಒಂದು ಬಯಲು, ತಿಂಗಳಿಗೊಂದು ಭಾನುವಾರ, ಪರವಾನಗಿ ಪಡೆದ ಮೋಟಾರನ್ನು ಎಣಿಸಿ ಕೊಟ್ಟು ಎಣಿಸಿ ವಾಪಸು ಪಡೆಯುವ ಒಬ್ಬ ಹೊಣೆಗಾರ. ಸರ್ಕಾರ, ಕಾಲೇಜುಗಳು ಮನಸ್ಸು ಮಾಡಬೇಕು. ಅಲ್ಲಿಯವರೆಗೆ ಮನೆಯಲ್ಲಿ ರಾಕೆಟ್ಟಿನ ಹುಚ್ಚಿರುವ ಮಕ್ಕಳಿದ್ದರೆ ಸೈಕಲ್ ಪಂಪು ಕೊಡಿಸಿ. ಪಟಾಕಿ ಬಿಚ್ಚಿ ಮದ್ದು ತೆಗೆಯಲು ಮಾತ್ರ ಬಿಡಬೇಡಿ.